ಎರಡು ಹಸಿರು ಮುಚ್ಚಳ

ಮಾರ್ಚ್ 4. ಮೈನಸ್ 79.

ಇದು ನಮ್ಮ ಆಸ್ಪತ್ರೆಯ ಲ್ಯಾಬಿನ ಫ್ರೀಜರಿನ ಪುಸ್ತಕ. ದಿನಾ ಬೆಳಿಗ್ಗೆ ತಾರೀಖು ಬರೆದು, ಪಕ್ಕದಲ್ಲಿ ಫ್ರೀಜರು ಎಷ್ಟು ತಣ್ಣಗಿದೆ ಎಂದು ಬರೆಯುವುದು ನನ್ನ ಕೆಲಸವಾಗಿತ್ತು. ಈಗ ಅದನ್ನು ಕಂಪ್ಯೂಟರೇ ಬರೆದುಕೊಳ್ಳುತ್ತದೆ. ಅರ್ಧ ಖಾಲಿ ಇರುವ ಪುಸ್ತಕ ರದ್ದಿಗೆ ಹೋಗುತ್ತಿತ್ತು, ಮನೆಗೆ ತಂದೆ. ಅಕ್ಕ ಹೇಳಿದಳು, "ನಿನ್ನ ಹೆದರಿಕೆಯೆಲ್ಲ ಇದರಲ್ಲಿ ಬರಿ ಪುಕ್ಕಲಿ. ನನ್ನ ಕಿವಿಗಾದ್ರೂ ರಜಾ ಸಿಗುತ್ತೆ."

ಬರೆಯಲು ಕೂತರೆ ಕೈ ತಾನಾಗಿ ತಾರೀಖು ಹಾಕಿ ಮೈನಸ್ 79 ಎಂದು ಬರೆಯಿತು. ಇರಲಿ.

ನನ್ನ ಓದು ಏಳನೇ ಕ್ಲಾಸಿಗೆ ನಿಂತಿತು. ತಪ್ಪಿದ್ದರೆ ನೋಡುವವರು ಯಾರೂ ಇಲ್ಲ.

ಇವತ್ತಿನ ಹೆದರಿಕೆಗಳು: ಬೆಳಿಗ್ಗೆ ಇಬ್ಬರೂ ಹಾಲಿಗೆ ಹೋಗುವಾಗ ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡಿದೆ, ಆಮೇಲೆ ಕೆಲಸಕ್ಕೆ ಹೊರಟು ಬಸ್ ನಿಲ್ದಾಣಕ್ಕೆ ಹೋದ ಮೇಲೆ ಗ್ಯಾಸ್ ನೆನಪಾಗಿ ವಾಪಸ್ ಬಂದೆ. ಗ್ಯಾಸ್ ಆರಿತ್ತು. ಅಕ್ಕ ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ "ಮನೆ ಇನ್ನೂ ಸುಟ್ಟಿಲ್ಲ, ಹೋಗು" ಎಂದಳು. ಹೊಸ ಸೋಪು ಅವಳಿಗೆ ಆಗಿಬಂದಿಲ್ಲ, ಅಂಗೈ ಕೆರೆದುಕೊಳ್ಳುತ್ತಾಳೆ. ಸೋಪು ಬದಲಾಯಿಸಬೇಕು.

ಮಾರ್ಚ್ 6. ಮೈನಸ್ 79.

ಎಂಬತ್ತೂ ಟ್ಯೂಬು ಇವತ್ತು ಫ್ರೀಜರಿನಿಂದ ಹೊರಗೆ ಬಂದು ಜೀನು ಓದುವ ಯಂತ್ರದ ಕೋಣೆಗೆ ಹೋದವು. ಒಂದೂವರೆ ವರ್ಷದಿಂದ ಕಾವಲು ಕಾದಿದ್ದೇನೆ. ಮಕ್ಕಳನ್ನು ಪರೀಕ್ಷೆಗೆ ಕಳಿಸಿದ ಹಾಗಾಯಿತು.

ನಲವತ್ತಕ್ಕೆ ಕೆಂಪು ಮುಚ್ಚಳ. ಅವು ಕಾಯಿಲೆಯವರ ರಕ್ತ. ನಲವತ್ತಕ್ಕೆ ಹಸಿರು ಮುಚ್ಚಳ. ಅವು ಚೆನ್ನಾಗಿರುವವರ ರಕ್ತ. ಕಾಯಿಲೆ ಎಂದರೆ ಪಿತ್ತನಾಳದ ಕ್ಯಾನ್ಸರ್. ಲಿವರಿನಿಂದ ಪಿತ್ತ ಇಳಿದು ಬರುವ ಕೊಳವೆ ಪೆನ್ನಿನ ರೀಫಿಲ್ಲಿಗಿಂತ ಸ್ವಲ್ಪ ದಪ್ಪ ಇರುತ್ತದಂತೆ. ಅದರಲ್ಲಿ ಹುಟ್ಟುವ ಗಂಟು ಕಣ್ಣು ಹಳದಿಯಾಗುವವರೆಗೆ ಗುಟ್ಟು ಬಿಡುವುದಿಲ್ಲ. ಹಳದಿಯಾದ ಮೇಲೆ ಕೊಯ್ದು ತೆಗೆಯಲು ಬಹಳ ಸಲ ಹೊತ್ತು ಮೀರಿರುತ್ತದೆ. ಅದಕ್ಕೇ ರಕ್ತದಲ್ಲಿ ತೇಲುವ ಜೀನಿನ ಚೂರುಗಳಲ್ಲಿ ಮೊದಲೇ ಏನಾದರೂ ಗುರುತು ಸಿಕ್ಕೀತೇ ಎಂದು ದೊಡ್ಡ ಮೇಡಂ ಹುಡುಕುತ್ತಿದ್ದಾರೆ. ಗುರುತು ಕೆಂಪು ಮುಚ್ಚಳದಲ್ಲಿ ಇರಬೇಕು, ಹಸಿರಿನಲ್ಲಿ ಇರಬಾರದು. ಹಾಗಾದರೆ ಗೆದ್ದರು.

ನಾನು ಲೇಬಲ್ ಅಂಟಿಸುವವಳು, ತೊಳೆಯುವವಳು, ಫ್ರೀಜರ್ ಕಾಯುವವಳು. ಆದರೂ ಉತ್ತರ ಯಾವತ್ತು ಬರುತ್ತದೆ ಎಂದು ಎರಡು ಸಲ ಕೇಳಿದೆ.

ಮಾರ್ಚ್ 9. ಮೈನಸ್ 80.

ಯಂತ್ರದ ಉತ್ತರ ಬಂತು. ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕನ್ನಡಕದವನು ಮೊದಲು ಕುಣಿದಾಡಿದ. ಆಮೇಲೆ ಲೆಕ್ಕ ಇನ್ನೊಂದು ಸಲ ಹಾಕಿದ. ಆಮೇಲೆ ದೊಡ್ಡ ಮೇಡಂ ಅವರನ್ನು ಕರೆದ. ನಾನು ಟ್ರೇ ಒರೆಸುತ್ತಾ ಅಲ್ಲೇ ಇದ್ದೆ.

"ಮೇಡಂ, ಹಸಿರಲ್ಲಿ ಎರಡು ಟ್ಯೂಬು ಕೆಂಪಿನ ಥರ ಹೊಳೀತಿವೆ. 27 ಮತ್ತು 38. ಇನ್ನೊಂದು ವಿಚಿತ್ರ. 38 ಗಂಡಸು ಅಂತ ಬರೆದಿದೆ, ಜೀನ್ ನೋಡಿದ್ರೆ ಹೆಂಗಸು. ಅದೂ ಬೇರೆ ಯಾರೂ ಅಲ್ಲ, 27ರ ಹೆಂಗಸೇ."

"ಒಬ್ಬಳೇ ಎರಡು ಟ್ಯೂಬಲ್ಲಿ ಹೇಗೆ ಬರ್ತಾಳೆ?"

"ಅದೇ ಮೇಡಂ."

"ಟ್ಯೂಬು ಮುಟ್ಟೋರು ಯಾರು?"

ಇಬ್ಬರೂ ನನ್ನ ಕಡೆ ತಿರುಗಿದರು. ಟ್ರೇ ಕೈಯಿಂದ ಬಿತ್ತು.

ಮಾರ್ಚ್ 10. ನೋಡಲಿಲ್ಲ.

ಬರೆದುಬಿಡುತ್ತೇನೆ.

ಒಂದೂವರೆ ವರ್ಷದ ಹಿಂದೆ, ರಕ್ತ ತೆಗೆಯುವ ಕೊನೆಯ ದಿನ. ಚೆನ್ನಾಗಿರುವ ನಲವತ್ತು ಜನ ಬೇಕು, ನಿಮ್ಮ ಮನೆಯವರು, ನೆಂಟರು ಯಾರಿದ್ದರೂ ಕರೆತನ್ನಿ ಎಂದು ದೊಡ್ಡ ಮೇಡಂ ಎಲ್ಲರಿಗೂ ಹೇಳಿದ್ದರು. ನಾನು ಅಕ್ಕನನ್ನು ಕರೆತಂದೆ. ಅವಳು 27. ಎಡಗೈ ಚಾಚಿದಳು, ಬಿಸ್ಕತ್ತು ಪೊಟ್ಟಣ ತೆಗೆದುಕೊಂಡಳು, ನನ್ನ ಜೊತೆ ಹೋಗೋಣವೆಂದು ಬೆಂಚಿನ ಮೇಲೆ ಕೂತಳು.

38 ಲಿಫ್ಟಣ್ಣ, ನಮ್ಮ ಕಟ್ಟಡದ ಲಿಫ್ಟು ನಡೆಸುವವನು. ಬೆಳಿಗ್ಗೆಯೇ ಫಾರ್ಮಿಗೆ ಸಹಿ ಹಾಕಿದ್ದ. ಸೂಜಿ ನೋಡಿದ್ದೇ ತಡ, ಲಿಫ್ಟು ಹತ್ತಿ ಐದನೇ ಮಹಡಿಗೆ ಹೋದವನು ಇಳಿಯಲೇ ಇಲ್ಲ. ನಾಲ್ಕು ಗಂಟೆಗೆ ದೊಡ್ಡ ಮೇಡಂ ಬಾಗಿಲಲ್ಲಿ ನಿಂತು "ನಲವತ್ತೂ ಆಯ್ತು ತಾನೇ?" ಎಂದರು. ಅವನನ್ನು ಒಪ್ಪಿಸಿದವಳು ನಾನು. ಒಂದು ಕಡಿಮೆ ಎಂದರೆ ನನ್ನನ್ನೇ ಕೇಳುತ್ತಾರೆ. "ಒಬ್ಬರು ಬಾಕಿ ಮೇಡಂ, ಈಗ ಬರ್ತಾರೆ" ಎಂದೆ.

ಅಕ್ಕ ನನ್ನ ಮುಖ ನೋಡಿದಳು. ಎದ್ದು ಒಳಗೆ ಹೋಗಿ ಬಲಗೈ ಚಾಚಿದಳು. ನರ್ಸು ಅವತ್ತೇ ಬಂದವಳು, ಮಧ್ಯಾಹ್ನದ ಹೊತ್ತಿಗೆ ತಲೆ ಎತ್ತಿ ಮುಖ ನೋಡುವುದನ್ನೇ ಬಿಟ್ಟಿದ್ದಳು. ನಾನು 38 ಎಂದು ಲೇಬಲ್ ಅಂಟಿಸಿದೆ. ಗಂಡಸು, ನಲವತ್ತೈದು. ದಾರಿಯಲ್ಲಿ ಅಕ್ಕ ನಕ್ಕೂ ನಕ್ಕೂ ಸುಸ್ತಾದಳು. "ಬೆಳಿಗ್ಗೆ ಹೆಂಗಸು, ಸಂಜೆ ಗಂಡಸು. ನಾಳೆ ಏನಾಗ್ತೀನೋ!" ಎರಡನೇ ಬಿಸ್ಕತ್ತು ಪೊಟ್ಟಣ ನನಗೆ ಕೊಟ್ಟಳು.

ಹೀಗೆ.

ಮಾರ್ಚ್ 13. ಮೈನಸ್ 79.

ಒಳಗೆ ಕರೆದರು. ದೊಡ್ಡ ಮೇಡಂ ಕೂಗಲಿಲ್ಲ, ಕೂಗಿದ್ದರೆ ಚೆನ್ನಾಗಿತ್ತು.

"ಅವತ್ತು ಪಕ್ಕದ ಕೋಣೆಯಲ್ಲಿ ಕಾಯಿಲೆಯವರದ್ದೂ ತೆಗೀತಿದ್ರು. ಯಾರೋ ಕಾಯಿಲೆಯ ಹೆಂಗಸಿನ ಎರಡು ಟ್ಯೂಬಿಗೆ ನೀವು ತಪ್ಪಿ ಹಸಿರು ಮುಚ್ಚಳ ಹಾಕಿರಬಹುದಾ?"

ಅಷ್ಟು ಸಲೀಸಾದ ಬಾಗಿಲು ನನಗೆ ಯಾರೂ ತೆರೆದುಕೊಟ್ಟಿರಲಿಲ್ಲ.

"ಹಾಕಿರಬಹುದು ಮೇಡಂ."

ಕನ್ನಡಕದವನು "ಆದ್ರೆ ಮೇಡಂ, ಹಾಗಾದ್ರೆ ನಿಜವಾದ 27 ಎಲ್ಲಿ?" ಎಂದು ಶುರುಮಾಡಿದ. ದೊಡ್ಡ ಮೇಡಂ ಕೈ ಎತ್ತಿದರು. "ಎರಡನ್ನೂ ತೆಗೆದುಹಾಕಿ. ಹಸಿರಲ್ಲಿ ಉಳಿದ ಮೂವತ್ತೆಂಟು ಸಾಕು. ತಿಂಗಳ ಕೊನೆಗೆ ಲೇಖನ ಹೋಗಬೇಕು." ನನಗೆ ಒಂದು ಕಾಗದ ಕೊಟ್ಟರು. ಇನ್ನೊಂದು ತಪ್ಪಾದರೆ ಕೆಲಸದಿಂದ ತೆಗೆಯುತ್ತೇವೆ ಎಂದು ಬರೆದಿದೆ. ಓದಿ ಸಹಿ ಹಾಕಿದೆ.

ಒಬ್ಬರ ರಕ್ತವನ್ನು ಇನ್ನೊಬ್ಬರ ಹೆಸರಿನಲ್ಲಿ ಇಟ್ಟೆ ಎಂದು ಹೇಳಿದ್ದರೆ ಇನ್ನೊಂದು ತಪ್ಪಿನವರೆಗೆ ಕಾಯುತ್ತಿರಲಿಲ್ಲ. ಇವತ್ತೇ ಚೀಲ ತಗೊಂಡು ಹೋಗಿ ಎನ್ನುತ್ತಿದ್ದರು. ಏಳನೇ ಕ್ಲಾಸಿನವಳಿಗೆ, ಐವತ್ತು ಹತ್ತಿರ ಬಂದವಳಿಗೆ, ಇನ್ನೆಲ್ಲಿ ಕೆಲಸ?

ಸಂಜೆ ಮನೆಗೆ ಬಂದಾಗ ಆ ಕಾಯಿಲೆಯ ಹೆಂಗಸು ಕಿಟಕಿಯ ಹತ್ತಿರ ಕೂತು ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದಳು. ಗಟ್ಟಿಮುಟ್ಟಾಗಿದ್ದಾಳೆ. ಎರಡು ಮಹಡಿ ಹತ್ತಿ ನೀರಿನ ಕ್ಯಾನು ತಂದಿದ್ದಾಳೆ. ಯಂತ್ರವೂ ತಪ್ಪುತ್ತದೆ. ನಾನೇ ತಪ್ಪುವಾಗ ಯಂತ್ರ ತಪ್ಪದೇ?

ಮಾರ್ಚ್ 17. ಮೈನಸ್ 79.

ಬೇರೆ ಸೋಪು ತಂದೆ. ಬಿಳಿಯದು, ವಾಸನೆ ಇಲ್ಲದ್ದು. ಅಕ್ಕ ಮೂಸಿ ನೋಡಿ "ಇದು ಸೋಪಾ, ಸೀಮೆಸುಣ್ಣಾನಾ?" ಎಂದಳು.

ಮಾರ್ಚ್ 24. ಮೈನಸ್ 80.

ಕೆರೆತ ನಿಂತಿಲ್ಲ. ನೀರಿನದೇ ದೋಷ ಇರಬಹುದು. ನೀರು ಕಾಯಿಸಿ ಕೊಡುತ್ತಿದ್ದೇನೆ.

ಊಟ ಅರ್ಧ ಬಿಡುತ್ತಾಳೆ. ಸೆಖೆಗೆ.

ಮಾರ್ಚ್ 31. ಮೈನಸ್ 79.

ಲೇಖನ ಹೋಯಿತಂತೆ. ಎಲ್ಲರಿಗೂ ಕೇಕು. ನನಗೂ ಒಂದು ತುಂಡು. ತಿನ್ನದೆ ಕಾಗದದಲ್ಲಿ ಸುತ್ತಿ ಅಕ್ಕನಿಗೆ ತಂದೆ. "ಏನಂತೆ ವಿಶೇಷ?" ಎಂದಳು. ಯಂತ್ರದ ಲೆಕ್ಕ ಸರಿಬಂತಂತೆ ಎಂದೆ. "ನನ್ನ ರಕ್ತ ಪಾಸಾ?" ಎಂದಳು. ಪಾಸು ಎಂದೆ. "ಲಿಫ್ಟಣ್ಣಂದು?" ಎಂದು ಕೇಳಿ ತಾನೇ ನಕ್ಕಳು.

ಏಪ್ರಿಲ್ 6. ಮೈನಸ್ 79.

ಮಧ್ಯಾಹ್ನ ಕನ್ನಡಕದವನು ಒಬ್ಬನೇ ಇದ್ದ. ಸುಮ್ಮನೆ ಕೇಳುವವಳ ಹಾಗೆ ಕೇಳಿದೆ, "ಕಣ್ಣು ಹಳದಿ ಆಗೋಕ್ಕೆ ಮುಂಚೆ ಏನೂ ಗೊತ್ತಾಗಲ್ವಾ?"

"ಗೊತ್ತಾಗಲ್ಲ ಆಂಟಿ, ಅದೇ ತಾನೇ ಕಷ್ಟ. ಕೆಲವರಿಗೆ ಸ್ವಲ್ಪ ಮುಂಚೆ ಮೈ ಕೆರೆತ ಬರುತ್ತೆ. ಅಂಗೈ, ಅಂಗಾಲು. ಎಲ್ಲರೂ ಅಲರ್ಜಿ ಅಂತ ಸೋಪು ಬದಲಾಯಿಸ್ಕೊಂಡು ಕೂತಿರ್ತಾರೆ."

ನಾನೂ ಸೋಪು ಬದಲಾಯಿಸಿದ್ದೇನೆ.

ಏಪ್ರಿಲ್ 7.

ಹೇಳಿದೆ. ಬೆಳಿಗ್ಗೆ ದೊಡ್ಡ ಮೇಡಂ ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದೆ. ನಿಂತೇ ಹೇಳಿದೆ, ಲಿಫ್ಟಣ್ಣ, ಬಲಗೈ, ಲೇಬಲ್, ಎಲ್ಲ. ಕೊನೆಗೆ "ಮುಚ್ಚಳ ಬದಲಾಗಿಲ್ಲ ಮೇಡಂ, 27 ನನ್ನ ಅಕ್ಕ, 38 ಕೂಡ ನನ್ನ ಅಕ್ಕ" ಎಂದೆ.

ಅವರು ಬಹಳ ಹೊತ್ತು ಸಿಂಕಿನಲ್ಲಿ ಕೈ ತೊಳೆದರು.

"ಇದನ್ನ ಇನ್ಯಾರಿಗೆ ಹೇಳಿದ್ದೀರಿ?"

"ಯಾರಿಗೂ ಇಲ್ಲ."

"ಹೇಳಬೇಡಿ. ಲೇಖನ ಹೋಗಿಯಾಗಿದೆ. ಮತ್ತೆ ನೋಡಿ, ರಕ್ತ ಕೊಟ್ಟವರಿಗೆ ಫಲಿತಾಂಶ ಹೇಳೋ ಹಾಗಿಲ್ಲ, ಹಾಗಂತ ಫಾರ್ಮಲ್ಲೇ ಇದೆ. ಇದಿನ್ನೂ ಪರೀಕ್ಷೆ ಅಲ್ಲ, ಪ್ರಯತ್ನ ಅಷ್ಟೆ. ನಾಳೆ ಸುಳ್ಳು ಅಂತಾನೂ ಆಗಬಹುದು."

"ಅವಳಿಗೆ ಕೆರೆತ ಇದೆ ಮೇಡಂ."

"ಕೆಳಗೆ ಓಪಿಡಿಗೆ ಕರ್ಕೊಂಡು ಹೋಗಿ. ಕೆರೆತ ಅಂತಷ್ಟೇ ಹೇಳಿ. ನಿಮ್ಮ ವಿಷಯ ಆಮೇಲೆ ನೋಡೋಣ" ಎಂದರು.

ನನ್ನ ವಿಷಯ. ಆಮೇಲೆ.

ಏಪ್ರಿಲ್ 8.

ಅಕ್ಕನಿಗೂ ಹೇಳಿದೆ. ಮೇಡಂ ಬೇಡ ಎಂದರೂ ಹೇಳಿದೆ. ಅವಳು ನೂಲು ಪೋಣಿಸುತ್ತಿದ್ದಳು.

"ಅಂದ್ರೆ ನನ್ನ ರಕ್ತ ಫೇಲಾ?"

"ಅಕ್ಕಾ, ತಮಾಷೆ ಬೇಡ."

"ತಮಾಷೆ ಯಾರು ಮಾಡ್ತಿರೋದು? ಗ್ಯಾಸು ಸೋರುತ್ತೆ ಅಂತೀಯ, ಸೋರಲ್ಲ. ಕಳ್ಳ ಬರ್ತಾನೆ ಅಂತೀಯ, ಬರಲ್ಲ. ಈಗ ಕ್ಯಾನ್ಸರ್ ತಂದಿದ್ದೀಯ. ಯಾವತ್ತು ಗೊತ್ತಾಯ್ತು?"

"ನಿನ್ನೆ" ಎಂದೆ.

ದೇವರೇ, ಯಾಕೆ ನಿನ್ನೆ ಎಂದೆ.

ಏಪ್ರಿಲ್ 11. ಮೈನಸ್ 79.

ಸ್ಕ್ಯಾನಿಂಗ್ ಆಯಿತು. ಹೊಟ್ಟೆಗೆ ಜೆಲ್ಲು ಹಚ್ಚಿ ನೋಡುವ ಮಾಮೂಲಿ ಸ್ಕ್ಯಾನಿಂಗ್. ಏನೂ ಇಲ್ಲ! ಗಂಟಿಲ್ಲ, ಕಲ್ಲೂ ಇಲ್ಲ. ಕೆರೆತಕ್ಕೆ ಒಂದು ಮಾತ್ರೆ ಬರೆದುಕೊಟ್ಟರು. ರಿಪೋರ್ಟನ್ನು ಅಕ್ಕ ಪೇಪರಿನ ಹಾಗೆ ಮಡಿಸಿ ನನ್ನ ತಲೆಗೆ ಹೊಡೆದಳು. "ತಗೋ, ಫ್ರೇಮು ಹಾಕಿಸು."

ದೊಡ್ಡ ಮೇಡಂ ಅವರಿಗೆ ತೋರಿಸಿದೆ. ಅವರಿಗೂ ಉಸಿರು ಬಂದ ಹಾಗಾಯಿತು. "ನಾನು ಹೇಳಲಿಲ್ವಾ? ಎರಡು ಟ್ಯೂಬು ತೆಗೆದಿದ್ದೇ ಒಳ್ಳೆಯದಾಯ್ತು" ಎಂದರು. ರಿಪೋರ್ಟ್ ವಾಪಸ್ ಕೊಡುವಾಗ "ಇದು ಆ ಕೊಳವೆಯ ಒಳಗನ್ನ ಸರಿಯಾಗಿ ತೋರಿಸಲ್ಲ, ಆದ್ರೂ..." ಎಂದು ಅರ್ಧಕ್ಕೆ ಬಿಟ್ಟರು. ಆ ಅರ್ಧವನ್ನು ನಾನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿತು, ಕೇಳಿಸಿಕೊಳ್ಳಲಿಲ್ಲ.

ನೆಮ್ಮದಿಯಾಗಿ ಉಂಡೆ. ತಿಂಗಳ ಮೇಲಾಗಿತ್ತು.

ಮೇ 3.

ಅಕ್ಕ ಡಾಕ್ಟರೊಬ್ಬರ ಬಿಳಿ ಕೋಟಿಗೆ ಗುಂಡಿ ಹಾಕುತ್ತಿದ್ದಳು. ದಾರ ಕಾಣುತ್ತಿಲ್ಲವೆಂದು ಕಿಟಕಿಯ ಬೆಳಕಿಗೆ ಮುಖ ಎತ್ತಿದಳು.

ಕೋಟು ಬೆಳ್ಳಗಿತ್ತು. ಕಣ್ಣು ಬೆಳ್ಳಗಿರಲಿಲ್ಲ.

ಮೇ 6.

ಈ ಸಲ ದೊಡ್ಡ ಸ್ಕ್ಯಾನಿಂಗ್, ಸುರಂಗದೊಳಗೆ ಮಲಗಿಸುವುದು. ಸರ್ಜನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ಗಂಟು ಎರಡು ಕೊಳವೆ ಕೂಡುವ ಕವಲಿನಲ್ಲಿ ಇದೆ. ಪಕ್ಕದ ರಕ್ತನಾಳಕ್ಕೆ ಸುತ್ತಿಕೊಂಡಿದೆ. ಕೊಯ್ಯಲು ಆಗುವುದಿಲ್ಲ. ಒಂದು ಸಣ್ಣ ನಳಿಗೆ ಕೂರಿಸಿ ಪಿತ್ತಕ್ಕೆ ದಾರಿ ಮಾಡುತ್ತಾರೆ, ಹಳದಿ ಇಳಿಯುತ್ತದೆ, ಕೆರೆತ ನಿಲ್ಲುತ್ತದೆ. ಆಮೇಲೆ ಔಷಧಿ, ಎಷ್ಟು ದಿನ ಎಳೆದರೆ ಅಷ್ಟು.

ಅಕ್ಕ ಹೊರಗಿದ್ದಾಗ ಕೇಳಿದೆ, "ಮಾರ್ಚಿನಲ್ಲೇ ಕರ್ಕೊಂಡು ಬಂದಿದ್ರೆ?"

"ಒಂದು ವರ್ಷದ ಹಿಂದೆ ಬಂದಿದ್ರೆ ತೆಗೀಬಹುದಿತ್ತೇನೋ. ಮಾರ್ಚು ಅಂದ್ರೆ... ಹೇಳೋಕಾಗಲ್ಲಮ್ಮ. ಇಂಥದ್ದನ್ನ ಮೊದಲೇ ಕಂಡುಹಿಡಿಯೋ ದಾರಿ ಎಲ್ಲಿದೆ?"

ಒಂದು ವರ್ಷದ ಹಿಂದೆ ಆ ಎರಡು ಟ್ಯೂಬು ನನ್ನ ಫ್ರೀಜರಿನಲ್ಲಿದ್ದವು. ಎಂಬತ್ತೂ ತುಂಬಿ, ಯಂತ್ರದ ಸರದಿ ಬರಲಿ ಎಂದು ಕಾಯುತ್ತಿದ್ದವು. ಉತ್ತರ ಅಲ್ಲೇ ಹೆಪ್ಪುಗಟ್ಟಿ ಕೂತಿತ್ತು. ನಾನು ದಿನಾ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಮೂರು ಸಲ ತಳ್ಳಿ ನೋಡುತ್ತಿದ್ದೆ.

ಅದು ಯಾರ ಪಾಪವೋ. ಆದರೆ ಮಾರ್ಚ್ ಒಂಬತ್ತರಿಂದ ಏಪ್ರಿಲ್ ಏಳು ನನ್ನದು. ಇಪ್ಪತ್ತೊಂಬತ್ತು ದಿನ. ಸರ್ಜನ್ನಿನ 'ಹೇಳೋಕಾಗಲ್ಲ' ಒಳಗೆ ಅವು ಕೂತಿವೆ.

ಮೇ 9.

ನಳಿಗೆ ಕೂರಿಸಿದರು. ಮನೆಗೆ ಬಂದಿದ್ದಾಳೆ. ಮಧ್ಯಾಹ್ನ ಮಿಷನ್ನಿನ ಮುಂದೆ ಹೊಲಿಯುತ್ತಾ ಕೂತಿದ್ದವಳು ಕೇಳಿದಳು.

"ಯಾವತ್ತು ಗೊತ್ತಾಯ್ತು ನಿಂಗೆ? ಈಗ ಸರಿಯಾಗಿ ಹೇಳು."

"ಮಾರ್ಚ್ ಒಂಬತ್ತು."

ಹಲ್ಲಿನಲ್ಲಿ ದಾರ ಕಡಿದಳು.

"ಅವತ್ತು ನಿನ್ನ ಮುಖ ನೋಡಿ ಎರಡನೇ ಸಲ ಕೈ ಚಾಚಿದೆನಲ್ಲ, ಎಷ್ಟು ಹೊತ್ತು ತಗೊಂಡೆ?"

ಹೊತ್ತೇ ತೆಗೆದುಕೊಂಡಿರಲಿಲ್ಲ.

"ನೀನು ಒಂದು ತಿಂಗಳು ತಗೊಂಡೆ" ಎಂದಳು.

ಮೇ 10.

ಮಾತಿಲ್ಲ.

ಮೇ 12.

"ಉಪ್ಪು ಎಲ್ಲಿ?" ಎಂದಳು. ಎರಡು ದಿನಕ್ಕೆ ಅಷ್ಟೇ. ಉಪ್ಪು ಅವಳ ಕೈಯ ಪಕ್ಕದಲ್ಲೇ ಇತ್ತು.

ಮೇ 15.

ದೊಡ್ಡ ಮೇಡಂ ಕರೆದು ಕುರ್ಚಿ ತೋರಿಸಿದರು. ಹನ್ನೊಂದು ವರ್ಷದಲ್ಲಿ ಆ ಕುರ್ಚಿಯನ್ನು ಒರೆಸಿದ್ದೇನೆ, ಕೂತಿರಲಿಲ್ಲ. ಟೀ ತರಿಸಿದರು. ಅಕ್ಕನ ರಿಪೋರ್ಟು ಅವರ ಮೇಜಿನ ಮೇಲಿತ್ತು.

"ತುಂಬಾ ಬೇಜಾರಿನ ವಿಷಯ" ಎಂದರು. ನಿಜವಾಗಿಯೂ ಬೇಜಾರಿತ್ತು, ಕಣ್ಣಲ್ಲಿ ಕಂಡಿತು. ಆದರೆ ಅದರ ಹಿಂದೆ ಇನ್ನೇನೋ ಇತ್ತು, ತಡೆಯಲು ನೋಡಿದರು, ಆಗಲಿಲ್ಲ.

"ನಿಮಗೆ ಅರ್ಥ ಆಗ್ತಿದೆಯಾ? ಕಾಯಿಲೆ ಕಾಣೋದಕ್ಕೆ ಒಂದೂವರೆ ವರ್ಷ ಮುಂಚೆ ತೆಗೆದ ರಕ್ತ. ಅದರಲ್ಲೇ ಗುರುತು ಇತ್ತು. ಅದೂ ಒಂದಲ್ಲ, ಎರಡು ಟ್ಯೂಬು. ಬೇರೆ ಬೇರೆ ಹೆಸರು, ಒಂದೇ ಉತ್ತರ. ನಾವೇ ಬೇಕೂಂತ ಪರೀಕ್ಷೆ ಮಾಡಿದ್ರೂ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ. ಇಂಥ ಸಾಕ್ಷಿ ಎಲ್ಲಿ ಸಿಗುತ್ತೆ?"

ಅವರು ಡ್ರಾಯರಿನಿಂದ ಮಾರ್ಚಿನ ಕಾಗದ ತೆಗೆದು ನನ್ನ ಎದುರೇ ಹರಿದರು. "ನಿಮ್ಮ ಕೆಲಸಕ್ಕೆ ಏನೂ ತೊಂದರೆ ಇಲ್ಲ. ಲೇಖನ ವಾಪಸ್ ತರಿಸಿ ಮತ್ತೆ ಬರೀತೀವಿ. ಅವರ ಈಗಿನ ರಕ್ತ ಒಂದು ಬೇಕು, ಹಳೆಯದರ ಜೊತೆ ಹೋಲಿಸೋಕೆ. ನೀವು ಹೇಳಿದ್ರೆ ಒಪ್ತಾರೆ."

ಇದೇ ಕೆಲಸ ಹೋಗುತ್ತದೆಂದು ನಾನು ಇಪ್ಪತ್ತೊಂಬತ್ತು ದಿನ ಬಾಯಿ ಕಟ್ಟಿ ಕೂತಿದ್ದೆ. ಅಕ್ಕ ಬಿದ್ದಳು, ಕೆಲಸ ಉಳಿಯಿತು.

"ಮೊದಲು ರಕ್ತ ಕೊಟ್ಟವರ ಪುಸ್ತಕದಲ್ಲಿ ಸರಿ ಮಾಡಿ ಮೇಡಂ" ಎಂದೆ. "38 ಲಿಫ್ಟಣ್ಣ ಅಲ್ಲ, ನನ್ನ ಅಕ್ಕ ಅಂತ ಬರೀರಿ. ಲೇಬಲ್ ಹಾಕಿದ್ದು ನಾನು ಅಂತ ಬರೀರಿ. ಏಪ್ರಿಲ್ ಏಳಕ್ಕೆ ನಿಮಗೆ ಹೇಳಿದ್ದೆ ಅಂತಾನೂ ಬರೀರಿ."

"ಅದೆಲ್ಲ ಈಗ ಯಾಕೆ..."

"ಬರೆದ ಮೇಲೆ ಅಕ್ಕನ್ನ ಕೇಳ್ತೀನಿ."

ಟೀ ಕುಡಿಯಲಿಲ್ಲ. ಸಂಜೆ ಅಕ್ಕನ ಜೊತೆ ಮನೆಗೆ ಬಂದಾಗ ಬೀಗ ಬಾಗಿಲಿನ ಕೊಂಡಿಯಲ್ಲಿ ಸುಮ್ಮನೆ ನೇತಾಡುತ್ತಿತ್ತು. ಬೆಳಿಗ್ಗೆ ಔಷಧಿ ಹಾಕಿಸಲು ಅಕ್ಕನನ್ನು ಮೊದಲು ಆಟೋಗೆ ಹತ್ತಿಸಿ ಆಸ್ಪತ್ರೆಗೆ ಹೊರಟಿದ್ದೆ. ಹಾಕಿದೆನೋ ಇಲ್ಲವೋ ನೆನಪಿಲ್ಲ. "ಇಡೀ ದಿನ ಮನೆ ತೆರೆದಿತ್ತಲ್ಲೇ!" ಎಂದಳು ಅಕ್ಕ. ಹೌದಾ ಎಂದು ಒಳಗೆ ಹೋಗಿ ಅನ್ನಕ್ಕಿಟ್ಟೆ.

ಮೇ 20.

ದೊಡ್ಡ ಮೇಡಂ ಬರೆದರು. ಏಪ್ರಿಲ್ ಏಳನ್ನೂ ಬರೆದರು. ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಓದಿ ನೋಡಿದೆ.

ಈಗಿನ ರಕ್ತ ಕೇಳುತ್ತಿದ್ದಾರೆ ಎಂದು ಅಕ್ಕನಿಗೆ ಹೇಳಿದೆ. ಬೇಡವೆನ್ನುತ್ತಾಳೆ ಎಂದುಕೊಂಡಿದ್ದೆ, ಬೇಡವೆನ್ನಲಿ ಎಂದೂ ಇತ್ತು.

"ಇದರಿಂದ ನಂಗೇನಾದ್ರೂ ಆಗುತ್ತಾ?"

"ಇಲ್ಲ. ಮುಂದೆ ಬರೋರಿಗೆ ಆಗಬಹುದು."

"ಮುಂದೆ ಬರೋರಿಗೂ ನಿನ್ನಂಥ ತಂಗಿ ಇಲ್ಲದೇ ಇದ್ರೆ" ಎಂದಳು. ಚೂರಿಯ ಹಾಗೆ ಒಳಗೆ ಹೋಯಿತು. ಆದರೆ ಹತ್ತು ದಿನದಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು.

ಮೇ 22.

ಅದೇ ಕೋಣೆ, ಅದೇ ನರ್ಸು. ಈಗ ಅವಳು ತಲೆ ಎತ್ತಿ ಮುಖ ನೋಡುತ್ತಾಳೆ. ಅಕ್ಕನ ತೋಳು ಸಣ್ಣಗಾಗಿದೆ, ನರ ಸಿಗಲಿಲ್ಲ. ಎಡಗೈ ಆಗಲಿಲ್ಲ, ಬಲಗೈ ಚಾಚಿದಳು.

"ಮೂರನೇ ಸಲ" ಎಂದಳು ನನಗೆ. "ಈ ಸಲ ಯಾರ ಹೆಸರಲ್ಲಿ?"

"ನಿನ್ನ ಹೆಸರಲ್ಲೇ ಅಕ್ಕಾ."

ನಾನು ತಂದ ಮುಚ್ಚಳ ನೋಡಿದಳು. ಕೆಂಪು. ಹತ್ತಿ ಒತ್ತಿಕೊಂಡು ಆಚೀಚೆ ನೋಡಿ, "ಬಿಸ್ಕತ್ತು ಎಲ್ಲಿ?" ಎಂದಳು.

"ಅದು ಚೆನ್ನಾಗಿರೋರಿಗೆ ಮಾತ್ರ ಅಮ್ಮಾ" ಎಂದಳು ನರ್ಸು. ಪಾಪ, ಇದ್ದ ನಿಯಮ ಹೇಳಿದಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅಕ್ಕ ನಕ್ಕಳು. ಲಿಫ್ಟಣ್ಣನ ದಿನ ನಕ್ಕ ಹಾಗೆ ಅಲ್ಲ, ಆದರೂ ನಕ್ಕಳು.

ಲೇಬಲ್ ನಾನೇ ಬರೆದೆ. ಕೆಂಪು, ನಲವತ್ತೊಂದು. ಹೆಂಗಸು. ವಯಸ್ಸು ಐವತ್ತಮೂರು. ತಾರೀಖು. ಅಂಟಿಸಿ ಮೂರು ಸಲ ಓದಿದೆ. ಒಂದು ತಪ್ಪೂ ಇರಲಿಲ್ಲ.